ನಮ್ಮ ಮನೆಗೆ ನಾನೇ ನೆಂಟನಾದ ಸಂಜೆ

ಎರಡು ರಾತ್ರಿ ಹೊರಗಿದ್ದು ಭಾನುವಾರ ಸಂಜೆ ಮನೆಗೆ ಬಂದೆ. ಬೀಗ ತೆಗೆದು ಬಾಗಿಲು ತಳ್ಳಿದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಕೆಟ್ಟ ವಾಸನೆ ಅಲ್ಲ. ಹಳೇ ಪುಸ್ತಕ, ಸೋಪು, ಅರೆ ಒಣಗಿದ ಬಟ್ಟೆ, ಮರದ ಕಪಾಟು ಎಲ್ಲ ಬೆರೆತ ವಾಸನೆ. ಒಂದು ಕ್ಷಣ ಯಾರದೋ ಮನೆಗೆ ನುಗ್ಗಿಬಿಟ್ಟೆನೇನೋ ಅನಿಸಿತು. ಆಮೇಲೆ ಹೊಳೆಯಿತು, ಇದು ನಮ್ಮನೆ ವಾಸನೆ. ಬರುವ ನೆಂಟರಿಗೆಲ್ಲ ಇಷ್ಟು ವರ್ಷ ಬಾಗಿಲಲ್ಲೇ ಸಿಗುತ್ತಿದ್ದದ್ದು ಇದೇ. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಚಪ್ಪಲಿ ಬಿಡೋದನ್ನೂ ಮರೆತು ಅಲ್ಲೇ ನಿಂತೆ. ಸ್ವಿಚ್ಚಿನ ಸುತ್ತ ಗೋಡೆ ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಮೂಲೆಯಲ್ಲಿದ್ದ ಕುರ್ಚಿಯ ಮೇಲೆ ಬಟ್ಟೆಯ ಗುಡ್ಡೆ. ಕೂತು ಓದೋಕೆ ಅಂತ ನಾನೇ ಹಟ ಮಾಡಿ ತಂದ ಕುರ್ಚಿ ಅದು. ಅದರಲ್ಲಿ ಕೊನೆಯ ಸಲ ಯಾವಾಗ ಕೂತಿದ್ದೆ ಅನ್ನೋದು ನೆನಪಾಗಲಿಲ್ಲ. ಗೋಡೆಯ ಮೇಲಿನ ಚಿತ್ರ ಎಡಕ್ಕೆ ವಾಲಿತ್ತು. ಸೋಫಾದ ಮೇಲೆ ಮಗಳು ಮಲಗಿದ್ದಳು. ತಲೆ ಈ ತುದಿಯಲ್ಲಿ, ಪಾದ ಆ ತುದಿಯ ಕೈಯೊರಗಿನ ಮೇಲೆ. ನನ್ನ ತಲೆಯಲ್ಲಿದ್ದ ಮಗಳು ಆ ಸೋಫಾದ ಮುಕ್ಕಾಲು ಭಾಗಕ್ಕೇ ಮುಗಿದುಹೋಗುತ್ತಿದ್ದಳು. ಇವಳು ಯಾವಾಗ ಇಷ್ಟುದ್ದ ಆದಳು? ಶುಕ್ರವಾರ ಬೆಳಗ್ಗೆ ಇವಳ ಪಕ್ಕದಲ್ಲೇ ಹಾದು ಹೊರಟಿದ್ದೆ. ಎರಡು ದಿನದಲ್ಲಂತೂ ಬೆಳೆದಿರೋಕೆ ಸಾಧ್ಯವಿಲ್ಲ.

ಐದಾರು ನಿಮಿಷ ಇದ್ದಿರಬಹುದು. ಬ್ಯಾಗ್ ಇಳಿಸಿ ಮುಖ ತೊಳೆದು ಬರುವಷ್ಟರಲ್ಲಿ ವಾಸನೆ ಹೋಗಿತ್ತು. ಮನೆ ಮತ್ತೆ ಮನೆಯಾಗಿತ್ತು. ಅಂದರೆ ಕಾಣದ ಹಾಗೆ ಆಗಿತ್ತು.

ಆವತ್ತಿಂದ ಇದೊಂದು ತಲೆಯಲ್ಲಿ ಕೊರೆಯುತ್ತಿದೆ. ನಾನು ನೆಮ್ಮದಿ ಹುಡುಕಿಕೊಂಡು ಹೋಗಿದ್ದು ಒಂದು ಕೆರೆಯ ದಂಡೆಗೆ. ಚೆನ್ನಾಗಿಯೇ ಇತ್ತು, ಇಲ್ಲ ಅನ್ನಲ್ಲ. ಆದರೆ ಮನಸ್ಸು ಹಗುರಾದದ್ದು ಕೆರೆಯ ಹತ್ತಿರವೋ, ನಮ್ಮನೆ ಬಾಗಿಲಲ್ಲೋ?

ಹಿತ್ತಲ ಗಿಡದ ತಪ್ಪಿಲ್ಲ

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ನಾವು ಬಯ್ಯೋಕೆ ಬಳಸುತ್ತೇವೆ. ಕೈಯಲ್ಲಿರೋದಕ್ಕೆ ಬೆಲೆ ಕೊಡದವನು ಅಂತ. ನನಗೀಗ ಅನಿಸೋದು, ಇದರಲ್ಲಿ ಕೊಬ್ಬಿಗಿಂತ ಮೈಯ ಜಿಪುಣತನ ಜಾಸ್ತಿ. ಮೂಗು ಒಂದೇ ವಾಸನೆಯನ್ನು ಎಷ್ಟು ಹೊತ್ತು ಅಂತ ವರದಿ ಮಾಡೀತು? ಕೆಲವೇ ನಿಮಿಷದಲ್ಲಿ ಸುಮ್ಮನಾಗಿಬಿಡುತ್ತದೆ. ಅದು ಒಳ್ಳೆಯದೇ. ನಾಳೆ ಏನಾದರೂ ಸುಟ್ಟ ವಾಸನೆ ಬಂದರೆ ಗೊತ್ತಾಗಬೇಕಲ್ಲ, ಅದಕ್ಕೆ ಜಾಗ ಖಾಲಿ ಇಟ್ಟುಕೊಂಡಿರುತ್ತದೆ. ದಿನಾ ಇರುವುದನ್ನು ದಿನಾ ಹೇಳುತ್ತಾ ಕೂತರೆ ಹೊಸದನ್ನು ಹೇಳುವವರು ಯಾರು?

ಕಣ್ಣಿನ ಕಥೆ ಇನ್ನೂ ಮಜವಾಗಿದೆ. 1804ರಲ್ಲಿ ಸ್ವಿಟ್ಜರ್ಲೆಂಡಿನ ಇಗ್ನಾಜ್ ಟ್ರಾಕ್ಸ್‌ಲರ್ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದ. ಒಂದು ಚುಕ್ಕೆಯನ್ನೇ ಕಣ್ಣು ಅಲ್ಲಾಡಿಸದೆ ದಿಟ್ಟಿಸುತ್ತಾ ಇದ್ದರೆ ಅದರ ಸುತ್ತಮುತ್ತ ಇರುವ ಮಸುಕು ಬಣ್ಣಗಳು ಮೆಲ್ಲಗೆ ಕರಗಿ ಮಾಯವಾಗುತ್ತವೆ. ನೀವೂ ಮಾಡಿ ನೋಡಬಹುದು, ಏನೂ ಸಲಕರಣೆ ಬೇಡ, ಒಂದಿಷ್ಟು ತಾಳ್ಮೆ ಸಾಕು. ಕಣ್ಣು ಸ್ವಲ್ಪ ಸರಿಸಿದರೆ ಎಲ್ಲವೂ ವಾಪಸ್. 1950ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಕಣ್ಣುಗುಡ್ಡೆ ಎತ್ತ ಸರಿದರೂ ಚಿತ್ರವೂ ಅದರ ಜೊತೆಗೇ ಸರಿಯುವಂತೆ ಮಾಡಿದರು. ಕೆಲವೇ ಸೆಕೆಂಡಿನಲ್ಲಿ ಚಿತ್ರ ಕಾಣೆ. ಎದುರಿಗೇ ಇದೆ, ಕಣ್ಣು ತೆರೆದೇ ಇದೆ, ಆದರೆ ಕಾಣಿಸುತ್ತಿಲ್ಲ. ನಾವು ದಿನವಿಡೀ ಏನಾದರೂ ನೋಡುತ್ತಿದ್ದೇವೆ ಅಂದ್ರೆ ಅದಕ್ಕೆ ಕಾರಣ, ನಮಗೇ ಗೊತ್ತಾಗದ ಹಾಗೆ ಕಣ್ಣುಗುಡ್ಡೆ ಸದಾ ಸಣ್ಣಗೆ ಅದುರುತ್ತಿರುವುದು.

ಇದನ್ನು ಓದಿದ ಮೇಲೆ ನನಗೆ ನನ್ನ ಸೋಫಾ ನೆನಪಾಯಿತು. ಮಗಳು ಮೂರು ವರ್ಷದಿಂದ ನನ್ನ ಕಣ್ಣಿನ ಜೊತೆಗೇ ಸರಿಯುತ್ತಿದ್ದಳು. ದಿನಾ ಬೆಳಗ್ಗೆ ಅದೇ ಮನೆ, ಅದೇ ಗಡಿಬಿಡಿ, ಅದೇ ಬಾಗಿಲು. ಅಲ್ಲಾಡದ ಚಿತ್ರ. ಕಣ್ಣು ಎಷ್ಟು ಸರಿದರೆ ಚಿತ್ರ ವಾಪಸ್ ಬರುತ್ತದೆ? ಕೂದಲೆಳೆಯಷ್ಟು ಸಾಕು. ಸಮುದ್ರ ದಾಟಬೇಕಾಗಿಲ್ಲ.

ಮೂರು ದಿನ, ಹನ್ನೊಂದು ಜಾಗ

ಹಾಗಂತ ಮನೆ ಬಿಟ್ಟು ಹೋದ ಪ್ರತಿ ಸಲವೂ ಹೀಗಾಗುತ್ತೆ ಅಂತ ಅಂದುಕೊಂಡರೆ ತಪ್ಪು. ಕೆಲವು ವರ್ಷದ ಹಿಂದೆ ನಾವು ನಾಲ್ಕು ಸಂಸಾರ ಸೇರಿ ಒಂದು ಪ್ರವಾಸ ಹೋಗಿದ್ದೆವು. ಮೂರು ದಿನ, ಹನ್ನೊಂದು ಜಾಗ. ಪಟ್ಟಿ ಮಾಡಿದವನು ನಾನೇ, ಹಾಗಾಗಿ ಬೇರೆಯವರನ್ನು ದೂರುವ ಹಾಗಿಲ್ಲ. ಬೆಳಗ್ಗೆ ಐದಕ್ಕೆ ಎಬ್ಬಿಸೋದು, ಎಲ್ಲರನ್ನೂ ವ್ಯಾನಿಗೆ ತುಂಬೋದು, ಇಳಿಸೋದು, ಫೋಟೋ, ಮತ್ತೆ ತುಂಬೋದು. ಒಂದು ಜಲಪಾತದ ಮುಂದೆ ನಿಂತು ನಾನು ವಾಚ್ ನೋಡುತ್ತಿರುವ ಫೋಟೋ ಇನ್ನೂ ಇದೆ. ಅಷ್ಟೆತ್ತರದಿಂದ ನೀರು ಬೀಳುತ್ತಿದೆ, ನನಗೆ ಮುಂದಿನ ಜಾಗದ ಚಿಂತೆ. ಒಂಬತ್ತನೇ ಜಾಗದಲ್ಲಿ ಗೆಳೆಯನ ತಾಯಿ ಇಳಿಯಲೇ ಇಲ್ಲ. "ನೀವು ಹೋಗ್ಬನ್ನಿಪ್ಪಾ, ನಾನು ಇಲ್ಲೇ ಕೂತಿರ್ತೀನಿ" ಅಂದರು. ನಾವು ಬೆವರು ಒರೆಸಿಕೊಂಡು ವಾಪಸ್ ಬಂದಾಗ ಕಿಟಕಿಗೆ ತಲೆ ಆನಿಸಿ ಹೊರಗೆ ನೋಡುತ್ತಾ ಆರಾಮಾಗಿ ಕೂತಿದ್ದರು. ಆ ಮೂರು ದಿನದಲ್ಲಿ ನಿಜವಾಗಿ ಪ್ರವಾಸ ಮಾಡಿದವರು ಅವರೊಬ್ಬರೇ ಅಂತ ಈಗ ಅನಿಸುತ್ತದೆ.

ಊರಿಗೆ ಬಂದ ಮೇಲೆ ಒಂದು ದಿನ ರಜೆ ಹಾಕಿ ಮಲಗಿದೆ. ಹೋದ ಪುಟ್ಟ, ಬಂದ ಪುಟ್ಟ. ಆಫೀಸಿನಲ್ಲಿ ನಾನು ಮಾಡೋದೂ ಇದನ್ನೇ ಅಲ್ವಾ? ಪಟ್ಟಿ ಹಿಡಿದು ಒಂದೊಂದೇ ಟಿಕ್ ಹಾಕೋದು. ಜಾಗ ಬದಲಾಗಿತ್ತು, ಗಾಣದೆತ್ತು ಅದೇ.

ನೋಡೋಕೆ ಏನೂ ಇಲ್ಲದ ಕಡೆ

ಈ ಸಲ ಕೆರೆಯ ಹತ್ತಿರದ ರೂಮಿಗೆ ಹೋಗಿದ್ದು ಅದಕ್ಕೇ. ಹೆಂಡತಿಯೇ ಕಳಿಸಿದ್ದು. "ರೀ, ಎರಡು ದಿನ ಎಲ್ಲಾದ್ರೂ ಹೋಗಿ ಬನ್ನಿ. ನಿಮಗೂ ನೆಮ್ಮದಿ, ನಮಗೂ" ಅಂದಳು. ಕೊನೆಯ ಪದಕ್ಕೆ ಸ್ವಲ್ಪ ಒತ್ತು ಜಾಸ್ತಿಯೇ ಇತ್ತು.

ರೂಮಿನ ಬೀಗ ತೆಗೆದುಕೊಟ್ಟ ವಯಸ್ಸಾದವರು ನನ್ನ ಬ್ಯಾಗ್ ನೋಡಿ, ಕ್ಯಾಮೆರಾ ಇಲ್ಲದ್ದು ನೋಡಿ, ಅನುಮಾನದಿಂದ ಕೇಳಿದರು.

"ಏನು ನೋಡೋಕೆ ಬಂದ್ರಿ ಸಾರ್?"

"ಏನೂ ಇಲ್ಲ, ಸುಮ್ನೆ."

"ಇಲ್ಲಿ ನೋಡೋಕೆ ಏನೂ ಇಲ್ಲ. ಗೊತ್ತು ತಾನೇ?"

"ಗೊತ್ತು."

ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಕೆರೆ ಒಂದಿದೆ" ಅಂತ ಸೇರಿಸಿದರು, ಕ್ಷಮೆ ಕೇಳುವ ಹಾಗೆ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಫ್ಯಾನ್ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತಿತ್ತು. ನಾಯಿಯೊಂದು ಒಂದು ಸಲ ಬೊಗಳಿ ನಿಲ್ಲಿಸಿತು, ನಾನು ಇನ್ನೊಂದು ಸಲ ಬೊಗಳುತ್ತೆ ಅಂತ ಕಾಯುತ್ತಾ ಮಲಗಿದೆ. ನೆಮ್ಮದಿ ಹುಡುಕಿ ಬಂದವನ ಪಾಡು ನೋಡಿ ನನಗೇ ನಗು ಬಂತು. ಇದು ನನ್ನ ಚಾಳಿ ಅಂತ ಅಂದುಕೊಂಡಿದ್ದೆ. ಆದರೆ ಎಲ್ಲರದೂ ಹೀಗೇ ಅಂತೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಬಲಭಾಗದಷ್ಟು ಆಳಕ್ಕೆ ಇಳಿಯುವುದಿಲ್ಲ. ಅಪರಿಚಿತ ಸದ್ದಿಗೆ ಅದೇ ಬೇಗ ಎಚ್ಚರಗೊಳ್ಳುತ್ತದೆ. ಡಾಲ್ಫಿನ್‌ಗಳು ಅರ್ಧ ಮಿದುಳನ್ನು ಎಚ್ಚರವಾಗಿಟ್ಟುಕೊಂಡು ನಿದ್ದೆ ಮಾಡುತ್ತವಲ್ಲ, ಅದರ ಸಣ್ಣ ರೂಪ ನಮ್ಮೊಳಗೂ ಇದೆ. ಎರಡನೇ ಸಲ ಅದೇ ಜಾಗದಲ್ಲಿ ಮಲಗಿಸಿದಾಗ ಆ ಕಾವಲು ಇರಲಿಲ್ಲ. ಹಾಗಾಗಿ ಒಂದು ರಾತ್ರಿಯ ಪ್ರವಾಸದ ಮೇಲೆ ನನಗೆ ಈಗ ನಂಬಿಕೆ ಕಮ್ಮಿ. ಒಳಗಿನ ಕಾವಲುಗಾರ ಪಾಳಿ ಮುಗಿಸುವ ಹೊತ್ತಿಗೆ ನಾವು ಬ್ಯಾಗ್ ಕಟ್ಟುತ್ತಿರುತ್ತೇವೆ. ಹೋಗೋದಾದರೆ ಎರಡು ರಾತ್ರಿಯಾದರೂ ಇರಬೇಕು. ಇಲ್ಲದಿದ್ದರೆ ಬೆಳಗ್ಗೆ ಹೋಗಿ ರಾತ್ರಿ ನಮ್ಮ ಹಾಸಿಗೆಗೇ ಬಂದು ಬೀಳೋದು ವಾಸಿ.

ಬೆಳಗ್ಗೆ ಎದ್ದು ಕೆರೆಯ ಕಲ್ಲಿನ ಮೇಲೆ ಕೂತೆ. ನೀರು ಹೊಳೆಯುತ್ತಿತ್ತು, ಗಾಳಿ ಬೀಸುತ್ತಿತ್ತು, ನಾನು ಆಫೀಸಿನಲ್ಲಿದ್ದೆ. ಅರ್ಧಕ್ಕೆ ಬಿಟ್ಟು ಬಂದ ಒಂದು ಪತ್ರ. ಅದರ ಎರಡನೇ ಪ್ಯಾರಾವನ್ನು ತಲೆಯಲ್ಲೇ ತಿದ್ದಿದೆ. ಮತ್ತೆ ತಿದ್ದಿದೆ. ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಬರ್ಲಿನ್‌ನಲ್ಲಿ ಮಾಡಿದ ಪ್ರಯೋಗಗಳನ್ನು 1927ರಲ್ಲಿ ಬರೆದರು. ಮುಗಿದ ಕೆಲಸಕ್ಕಿಂತ ನಡುವೆ ತಡೆದು ನಿಲ್ಲಿಸಿದ ಕೆಲಸವೇ ಜನರ ನೆನಪಲ್ಲಿ ಜಾಸ್ತಿ ಉಳಿಯಿತು ಅಂತ ಅವರು ಕಂಡುಕೊಂಡಿದ್ದರು. ಅದರ ಬೆನ್ನು ಹತ್ತಿ 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು ತೋರಿಸಿದ್ದು ನನಗೆ ಇನ್ನೂ ಉಪಯೋಗದ ಸಂಗತಿ. ಕಾಡುವ ಕೆಲಸವನ್ನು ಮುಗಿಸಲೇಬೇಕು ಅಂತಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅಂತ ಗಟ್ಟಿಯಾಗಿ ತೀರ್ಮಾನಿಸಿದರೆ ಸಾಕು, ಅದರ ಕಾಟ ಇಳಿಯುತ್ತದೆ. ನಾನು ಜೇಬಿನಲ್ಲಿದ್ದ ಬಸ್ ಟಿಕೆಟ್ ಹಿಂದೆ ಬರೆದೆ: ಸೋಮವಾರ ಹತ್ತು ಗಂಟೆ, ಎರಡನೇ ಪ್ಯಾರಾ ಹೊಡೆದುಹಾಕು, ಮೂರನೆಯದರಿಂದ ಶುರುಮಾಡು. ಟಿಕೆಟ್ ಮಡಚಿ ಜೇಬಿಗಿಟ್ಟೆ. ಪತ್ರವೂ ಜೇಬಿಗೆ ಹೋಯಿತು. ನಿಜ ಹೇಳಬೇಕಂದ್ರೆ ಪೂರ್ತಿ ಹೋಗಲಿಲ್ಲ, ಮಧ್ಯಾಹ್ನ ಒಂದು ಸಲ ಇಣುಕಿತು. ಆದರೆ ಮಾತಾಡಿಸಲಿಲ್ಲ.

ಆಗ ಕಂಡದ್ದು ನೀರುಕಾಗೆ. ಅದು ಆಗಿಂದಲೂ ಅಲ್ಲೇ ಇದ್ದಿರಬೇಕು. ಕಪ್ಪು ಮೈ, ಹಾವಿನಂಥ ಕತ್ತು. ತೇಲುತ್ತಾ ತೇಲುತ್ತಾ ಇದ್ದಕ್ಕಿದ್ದಂತೆ ಮುಳುಗುತ್ತಿತ್ತು. ಸದ್ದೇ ಇಲ್ಲ. ನಾನು ಎಲ್ಲಿ ಏಳುತ್ತೆ ಅಂತ ಊಹೆ ಮಾಡುತ್ತಾ ಕೂತೆ. ಆ ತಾವರೆ ಎಲೆಯ ಹತ್ತಿರ ಅಂದುಕೊಂಡೆ, ಈ ಕಡೆ ದಂಡೆಯಲ್ಲಿ ಎದ್ದಿತು. ದಂಡೆಯ ಕಡೆ ನೋಡುತ್ತಿದ್ದೆ, ನಡುನೀರಲ್ಲಿ ಎದ್ದಿತು. ಹನ್ನೆರಡು ಸಲದ ತನಕ ಲೆಕ್ಕ ಇಟ್ಟೆ. ಒಂದು ಸಲವೂ ನನ್ನ ಊಹೆ ಸರಿಹೋಗಲಿಲ್ಲ. ಕೆಲಸದ ಜಾಗದಲ್ಲಿ ಸತತ ಹನ್ನೆರಡು ಸಲ ತಪ್ಪು ಮಾಡಿದ್ದರೆ ನನ್ನ ಗತಿ ಏನು ಅಂತ ಯೋಚಿಸಿ ನಗು ಬಂತು. ಇಲ್ಲಿ ತಪ್ಪಿದಷ್ಟೂ ಖುಷಿ. ಕೊನೆಗೆ ಅದು ಒಂದು ಒಣಗೊಂಬೆಯ ಮೇಲೆ ಹತ್ತಿ ರೆಕ್ಕೆ ಬಿಚ್ಚಿ ನಿಂತಿತು. ಅದರ ಗರಿ ಬಾತುಕೋಳಿಯದರ ಹಾಗೆ ನೀರು ತಡೆಯೋದಿಲ್ಲ, ನೆನೆಯುತ್ತದೆ. ಹಾಗೆ ನೆನೆಯುವುದರಿಂದಲೇ ಸಲೀಸಾಗಿ ಮುಳುಗೋಕೆ ಆಗುವುದು. ಆಮೇಲೆ ಹೀಗೆ ಬಿಸಿಲಿಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ಎಷ್ಟು ಹೊತ್ತು ನಿಂತಿತು ಅಂತ ಗೊತ್ತಿಲ್ಲ. ನಾನು ವಾಚ್ ನೋಡಿರಲಿಲ್ಲ. ಜಲಪಾತದ ಮುಂದೆ ವಾಚ್ ನೋಡಿದ ಅದೇ ಮನುಷ್ಯ.

ಮಿಚಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಇಂಥ ಹೊತ್ತಿನ ಬಗ್ಗೆ 1980ರ ದಶಕದಲ್ಲಿ ಒಂದು ವಾದ ಮಂಡಿಸಿದರು. ನಾವು ಬಲವಂತವಾಗಿ ಒಂದೆಡೆ ಹಿಡಿದು ಕೂರಿಸುವ ಗಮನ ದಣಿಯುತ್ತದೆ, ಸ್ನಾಯು ದಣಿದ ಹಾಗೆ. ಮೋಡ, ನೀರು, ಎಲೆಯ ಅಲುಗಾಟದಂಥವು ಗಮನವನ್ನು ಮೆತ್ತಗೆ ಎಳೆದುಕೊಳ್ಳುತ್ತವೆ. ನಾವು ಹಿಡಿಯಬೇಕಾಗಿಲ್ಲ. ಆ ಹೊತ್ತಿನಲ್ಲಿ ದಣಿದದ್ದು ಚೇತರಿಸಿಕೊಳ್ಳುತ್ತದೆ ಅಂತ ಅವರ ವಾದ. ಇದನ್ನು ಒಪ್ಪದವರೂ ಇದ್ದಾರೆ. ನೀರುಕಾಗೆಯ ಮುಂದೆ ಕೂತ ನನಗೆ ಮಾತ್ರ ತಕರಾರಿಲ್ಲ.

ಎಂಟನೇ ದಿನದ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮಾತಿಗೆ ಅಡ್ಡ ಬರುವ ಒಂದು ಸಂಗತಿಯನ್ನೂ ಹೇಳಬೇಕು. ಜೆಸ್ಸಿಕಾ ದ ಬ್ಲೂಮ್ ಮತ್ತು ಜೊತೆಗಾರರು ನೆದರ್‌ಲ್ಯಾಂಡ್ಸ್‌ನಲ್ಲಿ ಉದ್ದ ರಜೆ ಹಾಕಿದ 54 ಜನರನ್ನು ರಜೆಗೆ ಮುಂಚೆ, ರಜೆಯಲ್ಲಿ, ರಜೆಯ ನಂತರ ಮಾತಾಡಿಸಿದ್ದರು. ಸರಾಸರಿ 23 ದಿನದ ರಜೆ. 2013ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಜನ ಅತಿ ಹೆಚ್ಚು ಹಾಯಾಗಿದ್ದದ್ದು ಎಂಟನೇ ದಿನ. ಗೆಳೆಯನೊಬ್ಬ ಇದನ್ನೇ ನನ್ನ ಮುಖಕ್ಕೆ ಹಿಡಿದ. "ನೋಡು, ಎಂಟು ದಿನ ಬೇಕು. ನಿನ್ನ ಎರಡು ದಿನದ್ದು ಬರೀ ಸಮಾಧಾನಕ್ಕೆ" ಅಂದ. ಅವನು ಪೂರ್ತಿ ಓದಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಕೆಲಸಕ್ಕೆ ಮರಳಿದ ಮೊದಲ ವಾರದೊಳಗೇ ಆ ಹಾಯಿ ರಜೆಗೆ ಮುಂಚಿನ ಮಟ್ಟಕ್ಕೆ ಇಳಿದಿತ್ತು. 23 ದಿನ ಕೂಡಿಸಿದ್ದು ಒಂದು ವಾರದಲ್ಲಿ ಖಾಲಿ.

ಹಾಗಾದರೆ ನೆಮ್ಮದಿಯನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬರೋಕೆ ಆಗಲ್ಲ ಅಂತಾಯಿತು. ಎಷ್ಟು ಉದ್ದ ಹೋದರೂ ಸೋರುವ ವೇಗ ಅಷ್ಟೇ ಇದ್ದರೆ, ವರ್ಷಕ್ಕೆ ಒಂದೇ ಸಲ ದೊಡ್ಡದಾಗಿ ಹೋಗುವುದಕ್ಕಿಂತ ಆಗಾಗ ಸಣ್ಣದಾಗಿ ಹೋಗುವುದು ನನಗೆ ಲಾಭ ಅನಿಸುತ್ತದೆ. ಗೆಳೆಯ ಒಪ್ಪಲಿಲ್ಲ. ಅವನಿಗೆ ಉದ್ದ ರಜೆ ಸಿಗುತ್ತದೆ, ನನಗೆ ಸಿಗಲ್ಲ. ನಮ್ಮಿಬ್ಬರ ಸಿದ್ಧಾಂತಗಳು ನಮ್ಮ ನಮ್ಮ ರಜೆ ಅರ್ಜಿಗೆ ತಕ್ಕ ಹಾಗೇ ಇವೆ ಅನ್ನೋದನ್ನು ಇಬ್ಬರೂ ಒಪ್ಪಿದೆವು.

ಇದಕ್ಕಿಂತ ನನ್ನನ್ನು ಜಾಸ್ತಿ ಕೆಣಕಿದ್ದು ಬೇರೆಯದು. ಒಂದೇ ಪ್ರಚೋದನೆ ಮತ್ತೆ ಮತ್ತೆ ಬಂದಾಗ ಜೀವಿ ಹೇಗೆ ಅದಕ್ಕೆ ಒಗ್ಗಿಕೊಳ್ಳುತ್ತೆ ಅಂತ ಥಾಂಪ್ಸನ್ ಮತ್ತು ಸ್ಪೆನ್ಸರ್ 1966ರಲ್ಲಿ ಒಂದು ಲೇಖನ ಬರೆದರು. ಒಗ್ಗುವಿಕೆಗೆ ಒಂಬತ್ತು ಲಕ್ಷಣ ಪಟ್ಟಿ ಮಾಡಿದರು. ಎರಡನೆಯದು ನನಗೆ ಪ್ರಿಯವಾದದ್ದು: ಆ ಪ್ರಚೋದನೆಯನ್ನು ಸ್ವಲ್ಪ ಕಾಲ ನಿಲ್ಲಿಸಿದರೆ ಸ್ಪಂದನೆ ತಾನಾಗಿ ಮರಳುತ್ತದೆ. ನನ್ನ ಬಾಗಿಲಿನ ಐದು ನಿಮಿಷ ಅಂದ್ರೆ ಇದೇ. ಆದರೆ ಅದರ ಕೆಳಗೇ ಮೂರನೆಯದು ಇದೆ: ಹೀಗೆ ನಿಲ್ಲಿಸೋದು, ಮತ್ತೆ ಶುರುಮಾಡೋದು ಮೇಲಿಂದ ಮೇಲೆ ನಡೆದರೆ ಪ್ರತಿ ಸಲ ಒಗ್ಗಿಕೊಳ್ಳುವುದು ಇನ್ನಷ್ಟು ಬೇಗ ಆಗುತ್ತದೆ. ಅವರು ನೋಡಿದ್ದು ಬೆಕ್ಕಿನ ಬೆನ್ನುಹುರಿಯ ಪ್ರತಿಕ್ರಿಯೆಗಳನ್ನು, ಮಧ್ಯವಯಸ್ಸಿನ ಅಪ್ಪಂದಿರನ್ನಲ್ಲ. ಆದರೂ ಓದಿ ಸ್ವಲ್ಪ ಪೆಚ್ಚಾದೆ. ಈ ಸಲ ಐದು ನಿಮಿಷ, ಮುಂದಿನ ಸಲ ಮೂರು, ಆಮೇಲೆ ಬೀಗ ತೆಗೆಯುವಷ್ಟರಲ್ಲೇ ಮುಗಿದುಹೋದರೆ?

ಅದಕ್ಕೇ ಈಗ ಒಂದು ಚಿಕ್ಕ ಕಳ್ಳಾಟ ಮಾಡುತ್ತೇನೆ. ವಾಪಸ್ ಬರುವ ದಿನ ಕತ್ತಲಾಗುವ ಮುಂಚೆ ಮನೆ ಸೇರುವ ಹಾಗೆ ಹೊರಡುತ್ತೇನೆ. ಮೊದಲೆಲ್ಲ ಕೊನೆಯ ಬಸ್ ತನಕ ಅಲ್ಲೇ ಇದ್ದು, ರಾತ್ರಿ ಹನ್ನೊಂದಕ್ಕೆ ಬಂದು, ದೀಪವನ್ನೂ ಹಾಕದೆ ಹಾಸಿಗೆಗೆ ಬೀಳುತ್ತಿದ್ದೆ. ಬೆಳಗ್ಗೆ ಏಳುವಷ್ಟರಲ್ಲಿ ನಿದ್ದೆಯಲ್ಲೇ ಎಲ್ಲ ಒಗ್ಗಿಹೋಗಿರುತ್ತಿತ್ತು. ಅಷ್ಟು ವರ್ಷ ಆ ಐದು ನಿಮಿಷವನ್ನು ಮಲಗಿ ಕಳೆದಿದ್ದೇನೆ. ಬಾಗಿಲು ತೆರೆದ ಮೇಲೆ ಫೋನ್ ಮುಟ್ಟಲ್ಲ, ಬ್ಯಾಗ್ ಬಿಚ್ಚಲ್ಲ. ಸುಮ್ನೆ ನಿಂತಿರುತ್ತೇನೆ. ಮನೆಯವರಿಗೆ ಇದು ಅಭ್ಯಾಸವಾಗಿದೆ, ಅಂದರೆ ಅವರಿಗೂ ನಾನು ಕಾಣಿಸುತ್ತಿಲ್ಲ.

ಮತ್ತೆ ಆ ಸಂಜೆ

ಮುಖ ತೊಳೆದು ಬಂದಾಗ ವಾಸನೆ ಹೋಗಿತ್ತು ಅಂದೆನಲ್ಲ. ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಬಾಗಿಲು ಎಳೆದುಕೊಂಡೆ. ಮೆಟ್ಟಿಲಿಳಿದು ಗೇಟಿನ ತನಕ ಹೋಗಿ ಎರಡು ನಿಮಿಷ ರಸ್ತೆ ನೋಡುತ್ತಾ ನಿಂತೆ. ಎದುರು ಮನೆಯವರು ಈಗ ತಾನೇ ಬಂದು ಮತ್ತೆ ಎಲ್ಲಿಗೋ ಹೊರಟ ನನ್ನನ್ನು ನೋಡಿ ಕೈ ಎತ್ತಿದರು. ನಾನೂ ಎತ್ತಿದೆ. ವಾಪಸ್ ಬಂದು ಬೀಗದ ಕೈ ಹಾಕಿ, ಮೊದಲಿನ ಹಾಗೇ ಬಾಗಿಲು ತಳ್ಳಿ, ಉಸಿರೆಳೆದುಕೊಂಡೆ.

ಏನೂ ಇಲ್ಲ.

ಬೀಗದ ಸದ್ದಿಗೆ ಮಗಳು ಎಚ್ಚರಾಗಿದ್ದಳು. ಸೋಫಾದ ಮೇಲೆ ಎದ್ದು ಕೂತು ಕಣ್ಣುಜ್ಜಿಕೊಂಡು ನೋಡಿದಳು.

"ಅಪ್ಪಾ, ಈಗ ಬಂದ್ರಾ?"

"ಹೂಂ, ಈಗ ಬಂದೆ."

"ಮತ್ತೆ ಬ್ಯಾಗ್ ಆಗ್ಲೇ ಒಳಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ಎತ್ತಿ ಮಂಚಕ್ಕೆ ಹಾಕಿದೆ. ಕೂತುಕೊಂಡೆ. ಒಂದು ಕಾಲು ಸ್ವಲ್ಪ ಗಿಡ್ಡ, ಕುರ್ಚಿ ಅಲ್ಲಾಡುತ್ತದೆ. ಅದೂ ಮರೆತುಹೋಗಿತ್ತು.